ಗಾಲಿಕುರ್ಚಿಗೆ ಕಣ್ಣಳತೆ ಸಾಕೆ?

ನಿಮ್ಮ ನೆಂಟರಿಷ್ಟರ ಮನೆಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಯಾವುದಾದರೂ ಒಂದು ಮನೆಯ ಪಡಸಾಲೆಯ ಮೂಲೆಯಲ್ಲೋ, ಮಹಡಿ ಮೆಟ್ಟಿಲಿನ ಕೆಳಗೋ ಗಾಲಿಕುರ್ಚಿಯೊಂದು ನಿಂತಿರುತ್ತದೆ. ಅದರ ಕೈಗಳ ಮೇಲೆ ಒಣಗಲು ಹಾಕಿದ ಟವೆಲ್ಲು, ಸೀಟಿನ ಮೇಲೆ ಹಳೆಯ ಪತ್ರಿಕೆಗಳ ಕಟ್ಟು. ಯಾರಿಗಾಗಿ ಅದನ್ನು ತಂದರೋ ಆ ಹಿರಿಯರು ಒಳಕೋಣೆಯಲ್ಲಿ ಮಂಚದ ಮೇಲೆ ಮಲಗಿರುತ್ತಾರೆ. "ಕೂರಿಸಿದರೆ ಐದೇ ನಿಮಿಷಕ್ಕೆ ಸಾಕು ಅಂತಾರೆ, ಅವರಿಗೆ ಮನಸ್ಸೇ ಇಲ್ಲ" ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಹಿರಿಯರಿಗೆ ಮನಸ್ಸಿಲ್ಲವೋ, ಕುರ್ಚಿಯೇ ಅವರಿಗೆ ಹೊಂದುತ್ತಿಲ್ಲವೋ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಈ ಪ್ರಶ್ನೆಯನ್ನು ಈ ವಾರ ಎತ್ತಿಕೊಳ್ಳಲು ಕಾರಣವಿದೆ. ನಡೆಯಲು ಕಷ್ಟಪಡುವವರನ್ನು ಆಸ್ಪತ್ರೆಗೆ ಕರೆತರದೆ, ಮೊಬೈಲ್ ಫೋನಿನ ವಿಡಿಯೋದಲ್ಲೇ ನೋಡಿ, ಅವರಿಗೆ ಊರುಗೋಲು ಬೇಕೋ, ವಾಕರ್ ಬೇಕೋ, ಗಾಲಿಕುರ್ಚಿ ಬೇಕೋ ಎಂದು ತೀರ್ಮಾನಿಸುವ ಪದ್ಧತಿ ಈಗ ಬಳಕೆಗೆ ಬಂದಿದೆ. ವೈದ್ಯರನ್ನು ದೂರದಿಂದ ಕಾಣುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. 2000ದ ದಶಕದ ಆರಂಭದಲ್ಲೇ ಇಸ್ರೋ ಸಂಸ್ಥೆ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ಹೃದ್ರೋಗ ತಜ್ಞರೊಡನೆ ಜೋಡಿಸಿತ್ತು. 2020ರ ಮಾರ್ಚ್‌ನಲ್ಲಿ, ಕೋವಿಡ್ ಕಾಲಿಟ್ಟ ದಿನಗಳಲ್ಲಿ, ಕೇಂದ್ರ ಸರ್ಕಾರ ದೂರವೈದ್ಯಕೀಯದ ಮಾರ್ಗಸೂಚಿಗಳನ್ನು ಹೊರಡಿಸಿತು. ಇ-ಸಂಜೀವನಿ ಎಂಬ ಸರ್ಕಾರಿ ವ್ಯವಸ್ಥೆ ಹಳ್ಳಿಯವರಿಗೂ ಪರಿಚಯವಾಯಿತು. ಜ್ವರ, ಕೆಮ್ಮು, ಮಧುಮೇಹಕ್ಕೆ ಇದು ಒಳ್ಳೆಯದೇ. ಆದರೆ ಒಬ್ಬ ಮನುಷ್ಯ ದಿನವಿಡೀ ಭಾರ ಹಾಕಿ ನಿಲ್ಲುವ ಕೋಲನ್ನು, ದಿನವಿಡೀ ಕೂರುವ ಕುರ್ಚಿಯನ್ನು ಕಣ್ಣಳತೆಯಲ್ಲಿ ಆರಿಸಿ ಕೊಡಬಹುದೆ?

ಕೊಡಬಹುದು, ಆದರೆ ಒಂದು ಷರತ್ತಿನ ಮೇಲೆ ಎಂಬುದು ನನ್ನ ಅಭಿಪ್ರಾಯ. ಆ ಷರತ್ತು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ಆದ್ದರಿಂದ ನನ್ನ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ.

ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿರುವ ನಮ್ಮ ದೊಡ್ಡಪ್ಪನಿಗೆ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಪಾರ್ಶ್ವವಾಯು ಬಡಿದು ಎಡ ಕೈ, ಎಡ ಕಾಲು ಬಿದ್ದುಹೋದವು. ಆಸ್ಪತ್ರೆಯಿಂದ ಮನೆಗೆ ಬಂದು ಎರಡು ತಿಂಗಳಾಗುವಷ್ಟರಲ್ಲಿ ಕಾಲಿಗೆ ಸ್ವಲ್ಪ ಬಲ ಬಂತು, ಕೈಗೆ ಬರಲಿಲ್ಲ. ಒಂದು ಸಂಜೆ ಅವರ ಮಗ ವಿಡಿಯೋ ಕರೆ ಮಾಡಿದ. "ನೋಡಣ್ಣಾ, ಅಪ್ಪ ಎದ್ದು ನಿಂತಿದ್ದಾರೆ! ವಾಕರ್ ತರಿಸಲಾ?" ದೊಡ್ಡಪ್ಪ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಪಂಚೆ ಪಾದದವರೆಗೂ ಇಳಿದಿತ್ತು. ನನ್ನನ್ನು ಕಂಡು ನಕ್ಕರು. ನನಗೂ ಸಂತೋಷವಾಯಿತು. "ತರಿಸು, ಜೊತೆಗೆ ಒಂದು ಗಾಲಿಕುರ್ಚಿಯೂ ಇರಲಿ" ಎಂದೆ. ಮಾತು ಮುಗಿಯಲು ನಾಲ್ಕು ನಿಮಿಷವೂ ಹಿಡಿಯಲಿಲ್ಲ.

ಮಾಮೂಲಿ ವಾಕರನ್ನು ಎರಡೂ ಕೈಯಿಂದ ಎತ್ತಿ ಮುಂದಿಡಬೇಕು. ಒಂದೇ ಕೈಯಲ್ಲಿ ಎತ್ತಿದರೆ ಅದು ಓರೆಯಾಗಿ ಮನುಷ್ಯನನ್ನೂ ಎಳೆದುಕೊಂಡು ಬೀಳುತ್ತದೆ. ಇದು ವೈದ್ಯಕೀಯ ಓದಿದವರಿಗೆ ಮಾತ್ರ ಗೊತ್ತಾಗುವ ವಿಷಯವಲ್ಲ, ಯೋಚಿಸಿದರೆ ಯಾರಿಗಾದರೂ ಹೊಳೆಯುತ್ತದೆ. ನಾನು ಯೋಚಿಸಲಿಲ್ಲ. ವಾಕರ್ ಬಂದ ಮೂರನೆಯ ದಿನ ದೊಡ್ಡಪ್ಪ ಅಡುಗೆಮನೆಯ ಹೊಸಿಲಲ್ಲಿ ಬಿದ್ದರು. ಸೊಂಟದ ಮೂಳೆ ಮುರಿಯಲಿಲ್ಲ, ಹಣೆಗೆ ಮೂರು ಹೊಲಿಗೆಯಲ್ಲಿ ಮುಗಿಯಿತು. ಗಾಲಿಕುರ್ಚಿಯ ಕಥೆ ಇನ್ನೂ ಸೊಗಸು. ಅದು ನಡುಮನೆಯ ಬಾಗಿಲಿನೊಳಗೆ ತೂರಲೇ ಇಲ್ಲ. ಡಾಕ್ಟರು ನೋಡಿಯೇ ಹೇಳಿದ್ದು ಎಂಬ ಕಾರಣಕ್ಕೆ ಮನೆಯವರು ಅನುಮಾನವನ್ನೂ ಪಡಲಿಲ್ಲ. ನಾನು ನೋಡಿದ್ದು ದೊಡ್ಡಪ್ಪನ ಮುಖ. ನೋಡಬೇಕಾಗಿದ್ದುದು ಅವರ ಎಡಗೈ, ಆ ಹೊಸಿಲು, ಆ ಬಾಗಿಲು.

ಚಪ್ಪಲಿಗಿರುವಷ್ಟು ಅಳತೆಯೂ ಇಲ್ಲವೆ?

ಎಂಟನೇ ನಂಬರಿನ ಕಾಲಿಗೆ ಆರನೇ ನಂಬರಿನ ಚಪ್ಪಲಿ ಕೊಟ್ಟರೆ ನೀವು ಅಂಗಡಿಯವನನ್ನು ಸುಮ್ಮನೆ ಬಿಡುವುದಿಲ್ಲ. ಊರುಗೋಲನ್ನು ಮಾತ್ರ ಅಜ್ಜ ಬಳಸಿದ್ದು ಅಜ್ಜಿಗೂ ಆಗುತ್ತದೆ ಎಂದುಕೊಳ್ಳುತ್ತೇವೆ. ಕೋಲಿಗೂ ಅಳತೆಯಿದೆ. ದಿನಾ ಹಾಕುವ ಚಪ್ಪಲಿ ಹಾಕಿಕೊಂಡು ನೇರವಾಗಿ ನಿಂತು ಕೈಯನ್ನು ಸಡಿಲವಾಗಿ ಇಳಿಬಿಟ್ಟಾಗ, ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಆಗ ಕೋಲು ಹಿಡಿದಾಗ ಮೊಣಕೈ ತುಸು ಬಾಗುತ್ತದೆ, ಭಾರ ಹಾಕಲು ಅನುಕೂಲ. ಕೋಲು ಉದ್ದವಾದರೆ ಭುಜ ಮೇಲಕ್ಕೆ ಹೋಗಿ ಕುತ್ತಿಗೆ ನೋವು ಶುರುವಾಗುತ್ತದೆ, ಗಿಡ್ಡವಾದರೆ ಬೆನ್ನು ಬಾಗುತ್ತದೆ. ಇನ್ನೊಂದು ಮಾತು: ಕೋಲನ್ನು ಹಿಡಿಯಬೇಕಾದದ್ದು ನೋವಿರುವ ಕಾಲಿನ ಕಡೆಯ ಕೈಯಲ್ಲಲ್ಲ, ಎದುರು ಕಡೆಯ ಕೈಯಲ್ಲಿ. ಬಲ ಮಂಡಿ ನೋವಿದ್ದರೆ ಎಡಗೈಯಲ್ಲಿ ಕೋಲು. ಈ ಪತ್ರಿಕೆಯನ್ನು ಕೆಳಗಿಟ್ಟು ನಿಮ್ಮ ಮನೆಯ ಹಿರಿಯರು ಹೇಗೆ ಹಿಡಿಯುತ್ತಾರೆ, ನೋಡಿ ಬನ್ನಿ.

ಕಂಕುಳಿಗೆ ಕೊಟ್ಟು ನಡೆಯುವ ಊರುಗೋಲುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವುಗಳ ಮೇಲ್ತುದಿಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳಿನಷ್ಟು ಅಂತರವಿರಬೇಕು. ಭಾರವೆಲ್ಲ ಅಂಗೈಯ ಮೇಲೆ ಬೀಳಬೇಕು. ಕಂಕುಳಲ್ಲೇ ಜೋತುಬಿದ್ದು ನಡೆದರೆ ಅಲ್ಲಿ ಹಾದುಹೋಗುವ ನರ ಒತ್ತಿ, ಮಣಿಕಟ್ಟನ್ನು ಮೇಲೆತ್ತಲಾಗದ ಸ್ಥಿತಿ ಬರಬಹುದು. ಕಾಲಿಗೆಂದು ಕೊಟ್ಟ ಸಾಧನ ಕೈಯನ್ನು ಕೆಡಿಸಿದಂತೆ.

ಗಾಲಿಕುರ್ಚಿಯಂತೂ ಒಂದು ಪುಟ್ಟ ಮನೆಯೇ. ಸೀಟಿನ ಅಗಲ ಸೊಂಟದ ಅಗಲಕ್ಕಿಂತ ಒಂದೆರಡು ಬೆರಳು ಮಾತ್ರ ಹೆಚ್ಚಿರಬೇಕು. ತೀರಾ ಅಗಲವಾದರೆ ಕೂತವರು ಒಂದು ಪಕ್ಕಕ್ಕೆ ವಾಲುತ್ತಾರೆ, ಬೆನ್ನೆಲುಬು ಸೊಟ್ಟಗಾಗುತ್ತದೆ, ಚಕ್ರಕ್ಕೆ ಕೈ ಎಟುಕುವುದಿಲ್ಲ. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಹೋಗುವಷ್ಟು ಜಾಗ ಬೇಕು. ಪಾದದ ಹಲಗೆ ತೀರಾ ಮೇಲಿದ್ದರೆ ಮಂಡಿ ಎದ್ದು ಭಾರವೆಲ್ಲ ಕುಂಡೆಯ ಮೂಳೆಗಳ ಮೇಲೆ ಬಿದ್ದು ಅಲ್ಲೇ ಹುಣ್ಣಾಗುತ್ತದೆ. ನಮ್ಮ ದೊಡ್ಡಪ್ಪನಂಥವರು ಒಂದು ಕೈ, ಒಂದು ಕಾಲಿನಿಂದಲೇ ಕುರ್ಚಿ ನಡೆಸಬೇಕಾದ್ದರಿಂದ ಆ ಕಾಲು ನೆಲಕ್ಕೆ ಚೆನ್ನಾಗಿ ಊರುವಂತೆ ಸೀಟು ತಗ್ಗಿನಲ್ಲಿರಬೇಕು. ಮಾಮೂಲಿ ಕುರ್ಚಿಯ ಸೀಟು ನೆಲದಿಂದ ಸುಮಾರು 20 ಅಂಗುಲ ಎತ್ತರ. ಅವರ ಒಳ್ಳೆಯ ಕಾಲೂ ಗಾಳಿಯಲ್ಲಿ ತೂಗಾಡುತ್ತಿತ್ತು. "ಕೂರಿಸಿದರೆ ಐದೇ ನಿಮಿಷಕ್ಕೆ ಸಾಕು" ಎನ್ನುವುದರ ಗುಟ್ಟು ಇಂಥ ಕಡೆಗಳಲ್ಲಿರುತ್ತದೆ.

ಬಿದ್ದ ಮೇಲೆ ಬಂದ ಬುದ್ಧಿ

ಎರಡನೆಯ ಸಲವೂ ವಿಡಿಯೋ ಕರೆಯೇ ಆಯಿತು. ಶಿವಮೊಗ್ಗ ಅಲ್ಲಿಗೆ ಸುಮಾರು 60 ಕಿಲೋಮೀಟರ್. ಹಣೆಗೆ ಪಟ್ಟಿ ಕಟ್ಟಿಕೊಂಡ ಹಿರಿಯರನ್ನು ಆ ಅಂಕುಡೊಂಕಿನ ರಸ್ತೆಯಲ್ಲಿ ಕಾರಿನಲ್ಲಿ ಕೂರಿಸಿಕೊಂಡು ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ ಈ ಸಲ ಫೋನಿನ ಆಚೆ ತುದಿಯಲ್ಲಿ ಇದ್ದದ್ದು ನಾನಲ್ಲ, ಪಾರ್ಶ್ವವಾಯು ರೋಗಿಗಳಲ್ಲಿ ಪಳಗಿದ ಫಿಸಿಯೋಥೆರಪಿಸ್ಟ್ ಒಬ್ಬ ಹೆಣ್ಣುಮಗಳು. ಈಚೆ ತುದಿಯಲ್ಲಿ ಮನೆಯವರ ಜೊತೆಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತ, ಕೈಯಲ್ಲಿ ಅಳತೆ ಟೇಪು.

ಆಕೆ ಮೊದಲು ಕೇಳಿದ್ದು ದೊಡ್ಡಪ್ಪನನ್ನು ನಡೆಸಿ ತೋರಿಸಿ ಎಂದಲ್ಲ. "ಬೆಳಿಗ್ಗೆ ಎದ್ದ ಮೇಲೆ ಅಜ್ಜ ಎಲ್ಲೆಲ್ಲಿಗೆ ಹೋಗುತ್ತಾರೆ, ಆ ದಾರಿಯಲ್ಲೇ ಫೋನು ಹಿಡಿದುಕೊಂಡು ಹೋಗಿ" ಎಂದಳು. ಮಂಚದಿಂದ ನಡುಮನೆ, ನಡುಮನೆಯಿಂದ ಹಿಂದಿನ ಬಾಗಿಲು, ಅಲ್ಲಿಂದ ಬಚ್ಚಲು. ಪ್ರತಿ ಹೊಸಿಲಿಗೂ ಟೇಪು ಇಡಿಸಿದಳು. ಅಡುಗೆಮನೆಯ ಹೊಸಿಲು 5 ಅಂಗುಲ. ನಡುಮನೆಯ ಬಾಗಿಲು ಒಳ ಅಳತೆಯಲ್ಲಿ 23 ಅಂಗುಲ. ಮಾಮೂಲಿ ಗಾಲಿಕುರ್ಚಿಯೇ ಚಕ್ರದಿಂದ ಚಕ್ರಕ್ಕೆ 25 ಅಂಗುಲದ ಆಸುಪಾಸು ಇರುತ್ತದೆ, ಚಕ್ರ ತಿರುಗಿಸುವ ಕೈಗೆ ಬೇಕಾದ ಜಾಗ ಬೇರೆ. ಮಂಚದ ಎತ್ತರ, ಬಚ್ಚಲಿನ ಕಲ್ಲುಹಾಸು, ಪಾಯಖಾನೆಯ ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ, ಎಲ್ಲವನ್ನೂ ನೋಡಿದಳು. ದೊಡ್ಡಪ್ಪನಿಗೆ ಇದು ಸರಿಬರಲಿಲ್ಲ. "ಆ ಹುಡುಗಿಗೆ ನಮ್ಮನೆ ಬಚ್ಚಲು ತೋರಿಸ್ತಿದೀಯಲ್ಲೋ, ಮರ್ಯಾದೆ ಬೇಡ್ವಾ?" ಎಂದು ಮಗನನ್ನು ಗದರಿದರು. ಆಕೆ ನಗುತ್ತ, "ಅಜ್ಜಾ, ಬೀಳೋರೆಲ್ಲ ಬೀಳೋದು ಅಲ್ಲೇ" ಎಂದಳು.

ನಡೆಸುವ ಹೊತ್ತಿಗೆ ಕಾರ್ಯಕರ್ತನನ್ನು ಎಡಪಕ್ಕಕ್ಕೆ ನಿಲ್ಲಿಸಿ, ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಹಿಡಿದುಕೊಳ್ಳಲು ಹೇಳಿದಳು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ದೊಡ್ಡಪ್ಪನ ಎಡಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಹಿಂದಿರುಗುವಾಗ ಅದೇ ಎಡಗೈ ಮೇಜಿನ ಅಂಚಿಗೆ ತಾಗಿತು. "ಊಟಕ್ಕೆ ಕೂತಾಗ ತಟ್ಟೆಯ ಎಡಗಡೆ ಬಡಿಸಿದ್ದನ್ನು ಬಿಡುತ್ತಾರಾ?" ಎಂದು ಕೇಳಿದಳು. ದೊಡ್ಡಮ್ಮ ಬೆರಗಾಗಿ, "ಹೌದು, ಪಲ್ಯ ಹಾಗೇ ಉಳಿಸ್ತಾರೆ. ರುಚಿ ಇಲ್ಲವೇನೋ ಅಂದ್ಕೊಂಡಿದ್ದೆ" ಎಂದರು. ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ ಕೆಲವರಿಗೆ ಎಡಪಕ್ಕದ ಜಗತ್ತೇ ಗಮನಕ್ಕೆ ಬಾರದಂತಾಗುತ್ತದೆ. ಕಣ್ಣು ಸರಿಯಿರುತ್ತದೆ, ಗಮನ ಇರುವುದಿಲ್ಲ. ಆಸ್ಪತ್ರೆಯ ಅಗಲವಾದ, ಖಾಲಿ ಓಣಿಯಲ್ಲಿ ನಡೆಸಿ ನೋಡಿದ್ದರೆ ಇದು ಅಷ್ಟು ಸುಲಭವಾಗಿ ಕಾಣುತ್ತಿರಲಿಲ್ಲ.

ವಿಡಿಯೋ ಪರೀಕ್ಷೆಯ ದೊಡ್ಡ ಲಾಭ ಇದೇ. ಆಸ್ಪತ್ರೆಯಲ್ಲಿ ನೆಲ ಸಮತಟ್ಟು, ಬಾಗಿಲು ಅಗಲ, ಹೊಸಿಲಿಲ್ಲ. ಅಲ್ಲಿ ಸಲೀಸಾಗಿ ನಡೆದವರು ಮನೆಯಲ್ಲಿ ಎಡವುತ್ತಾರೆ. ಪಾರ್ಕಿನ್ಸನ್ ಕಾಯಿಲೆಯವರನ್ನು ನೋಡಿ: ವೈದ್ಯರ ಮುಂದೆ ಚೆನ್ನಾಗಿಯೇ ನಡೆಯುವವರು ಮನೆಯ ಕಿರಿದಾದ ಬಾಗಿಲಿಗೆ ಬಂದೊಡನೆ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತಾರೆ. "ಡಾಕ್ಟ್ರ ಹತ್ರ ನಾಟಕ ಮಾಡ್ತಾರೆ" ಎಂದು ಸೊಸೆಯಂದಿರು ದೂರುವುದನ್ನು ನಾನು ಕೇಳಿದ್ದೇನೆ. ಅದು ನಾಟಕವಲ್ಲ, ರೋಗದ ಸ್ವಭಾವ. ಅದನ್ನು ಹಿಡಿಯಬೇಕಾದರೆ ವೈದ್ಯರು ಆ ಬಾಗಿಲನ್ನೇ ನೋಡಬೇಕು.

ನಲವತ್ತು ನಿಮಿಷದ ಆ ಕರೆಯ ಕೊನೆಗೆ ವಾಕರ್ ಹಿಂದಕ್ಕೆ ಹೋಯಿತು. ಬಲಗೈಗೆ ನಾಲ್ಕು ಕಾಲಿನ ಊರುಗೋಲು, ಬಚ್ಚಲಿನ ಬಲಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಸರಳು, ಮಂಚದ ಕಾಲುಗಳ ಕೆಳಗೆ ಮರದ ತುಂಡು. ಅಡುಗೆಮನೆಯ ಹೊಸಿಲಿಗೆ ಇಳಿಜಾರು ಹಾಕೋಣವೆಂದರೆ, ಎತ್ತರ ಒಂದಾದರೆ ಉದ್ದ ಹನ್ನೆರಡಿರಬೇಕೆಂಬ ಲೆಕ್ಕದಲ್ಲಿ 5 ಅಂಗುಲಕ್ಕೆ 5 ಅಡಿ ಹಲಗೆ ಬೇಕು, ಅಷ್ಟು ಜಾಗ ಅಲ್ಲಿಲ್ಲ. ಊಟದ ಮೇಜನ್ನೇ ನಡುಮನೆಗೆ ತಂದರು. ಗಾಲಿಕುರ್ಚಿಯ ವಿಷಯಕ್ಕೆ ಬಂದಾಗ ಆಕೆ ಹೇಳಿದ್ದು: "ಅದನ್ನು ನಾನು ಫೋನಿನಲ್ಲಿ ಹೇಳುವುದಿಲ್ಲ. ಸ್ವಲ್ಪ ಚೇತರಿಸಿಕೊಂಡ ಮೇಲೆ ಒಮ್ಮೆ ಕರೆತನ್ನಿ, ಕೂರಿಸಿ ನೋಡಬೇಕು." ಆಕೆಯ ಮೇಲೆ ನನಗೆ ಗೌರವ ಹೆಚ್ಚಾದದ್ದು ಈ ಮಾತಿಗೆ.

ಪರದೆಯಲ್ಲಿ ಕಾಣದ್ದು

ಯಾಕೆ ಹೇಳಲಿಲ್ಲ? ಕೆಲವು ವಿಷಯಗಳು ಮುಟ್ಟದೆ ತಿಳಿಯುವುದಿಲ್ಲ. ಸ್ನಾಯು ಎಷ್ಟು ಬಿಗಿದಿದೆ, ಸೊಂಟದ ಕೀಲು ಪೂರ್ತಿ ಬಾಗುತ್ತದೆಯೆ, ಚರ್ಮಕ್ಕೆ ಸ್ಪರ್ಶ ತಿಳಿಯುತ್ತದೆಯೆ ಎಂಬುದನ್ನು ಕೈಯಿಂದಲೇ ನೋಡಬೇಕು. ಎದ್ದು ನಿಂತಾಗ ರಕ್ತದೊತ್ತಡ ಕುಸಿಯುವವರಿಗೆ ಎಷ್ಟು ಒಳ್ಳೆಯ ಕೋಲು ಕೊಟ್ಟರೂ ಬೀಳುತ್ತಾರೆ. ಅದನ್ನು ಮಲಗಿಸಿ, ನಿಲ್ಲಿಸಿ ಅಳೆಯಬೇಕು. ಅಳತೆಯ ಯಂತ್ರವಿದ್ದರೆ ಮನೆಯಲ್ಲೂ ಆದೀತು, ಇಲ್ಲದಿದ್ದರೆ ಆಗದು.

ಎಲ್ಲಕ್ಕಿಂತ ಹೆಚ್ಚಿನ ಭಯ ಚರ್ಮದ್ದು. ಬೆನ್ನುಹುರಿಗೆ ಪೆಟ್ಟಾದವರಿಗೆ ಸೊಂಟದ ಕೆಳಗೆ ನೋವು ತಿಳಿಯುವುದಿಲ್ಲ. ನೀವು ನಾವು ಕೂತಲ್ಲೇ ಅರಿವಿಲ್ಲದೆ ಹತ್ತಾರು ಸಲ ಮೈ ಸರಿಸುತ್ತೇವೆ, ಅವರಿಗೆ ಆ ಸೂಚನೆಯೇ ಬರುವುದಿಲ್ಲ. ತಪ್ಪು ಕುರ್ಚಿಯಲ್ಲಿ, ತಕ್ಕ ಮೆತ್ತೆಯಿಲ್ಲದೆ ಕೆಲವು ಗಂಟೆ ಕೂತರೆ ಸಾಕು, ಕುಂಡೆಯ ಮೂಳೆಯ ಮೇಲಿನ ಚರ್ಮ ಕೆಂಪಗಾಗಿ ಹುಣ್ಣಿಗೆ ತಿರುಗಲು ಶುರುವಾಗಬಹುದು. ಅದು ಆಳಕ್ಕಿಳಿದರೆ ಮಾಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಸೋಂಕು ರಕ್ತಕ್ಕೆ ಹರಡಿದರೆ ಪ್ರಾಣಕ್ಕೇ ಅಪಾಯ. ಮೊಬೈಲಿನ ಪರದೆಯಲ್ಲಿ, ಮಂದ ಬೆಳಕಿನಲ್ಲಿ, ಕಪ್ಪು ಮೈಬಣ್ಣದ ಮೇಲೆ ಆ ಕೆಂಪು ಕಾಣುವ ಸಾಧ್ಯತೆ ಬಹಳ ಕಡಿಮೆ.

ಮಿದುಳಿನ ತೊಂದರೆಯಿಂದ ಹುಟ್ಟಿನಿಂದಲೇ ಕೈಕಾಲು ಬಿಗಿದಿರುವ, ಸೆರೆಬ್ರಲ್ ಪಾಲ್ಸಿ ಎನ್ನುವ ಸ್ಥಿತಿಯ ಮಕ್ಕಳ ವಿಷಯವೂ ಹೀಗೆಯೇ. ಆ ಮಗುವಿಗೆ ಕುರ್ಚಿ ಎಂದರೆ ಓಡಾಡುವ ಸಾಧನವಷ್ಟೇ ಅಲ್ಲ. ತಲೆ, ಕುತ್ತಿಗೆ ಸರಿಯಾಗಿ ನಿಂತರೆ ಮಾತ್ರ ಅನ್ನ ಗಂಟಲಲ್ಲಿ ಸರಿಯಾಗಿ ಇಳಿಯುತ್ತದೆ. ಅಂಥ ಮಗುವಿಗೆ ವಿಡಿಯೋ ನೋಡಿ ಕುರ್ಚಿ ಬರೆದುಕೊಡುವುದನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಇದಕ್ಕೆ ಸಂಶೋಧನೆಯ ಬೆಂಬಲವೇ ಇಲ್ಲವೆ ಎಂದು ನೀವು ಕೇಳಬಹುದು. ಇದೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಪೆನ್ಸಿಲ್ವೇನಿಯ ರಾಜ್ಯದ ದೂರದೂರದ ಊರುಗಳ ಜನರನ್ನು ವಿಡಿಯೋ ಮೂಲಕ ಪರೀಕ್ಷಿಸಿ ಗಾಲಿಕುರ್ಚಿ ಕೊಡಿಸಿ, ನೇರವಾಗಿ ಪರೀಕ್ಷಿಸಿಕೊಂಡವರೊಡನೆ ಹೋಲಿಸಿ ನೋಡಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಸ ಕುರ್ಚಿಯಿಂದ ದಿನನಿತ್ಯದ ಕೆಲಸಕ್ಕೆ ಆದ ಅನುಕೂಲದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವಿಡಿಯೋ ಪರವಾಗಿ ಮಾತನಾಡುವವರು ಇಂಥ ಅಧ್ಯಯನಗಳನ್ನು ಮುಂದಿಡುವಾಗ ಒಂದು ವಿವರವನ್ನು ಬಿಟ್ಟುಬಿಡುತ್ತಾರೆ. ಅಲ್ಲಿ ರೋಗಿಯ ಪಕ್ಕದಲ್ಲಿ ಸ್ಥಳೀಯ ಥೆರಪಿಸ್ಟ್ ಒಬ್ಬರು ಇದ್ದರು. ಮುಟ್ಟಿ ನೋಡಿದ್ದು, ಅಳತೆ ತೆಗೆದದ್ದು ಅವರು. ದೂರದ ತಜ್ಞರು ಕಣ್ಣಾದರು, ಇವರು ಕೈಯಾದರು. ನಾನು ಮೊದಲೇ ಹೇಳಿದ ಷರತ್ತು ಇದೇ: ಆಚೆ ತುದಿಯಲ್ಲಿ ತಜ್ಞರ ಕಣ್ಣು ಇದ್ದರೆ ಸಾಲದು, ಈಚೆ ತುದಿಯಲ್ಲಿ ತರಬೇತಾದ ಕೈ ಇರಬೇಕು.

ಆ ಕೈ ನಮ್ಮಲ್ಲೇ ಇದೆ

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಚಲನೆಯ ತೊಂದರೆಯುಳ್ಳ ಅಂಗವಿಕಲರು ಸುಮಾರು 54 ಲಕ್ಷ, ಕರ್ನಾಟಕದಲ್ಲಿ ಸುಮಾರು 2 ಲಕ್ಷ 70 ಸಾವಿರ. ಮಂಡಿ ಸವೆದು, ಸೊಂಟ ಮುರಿದು ನಡೆಯಲಾಗದ ಹಿರಿಯರಲ್ಲಿ ಅನೇಕರು ತಮ್ಮನ್ನು ಅಂಗವಿಕಲರೆಂದು ಬರೆಸುವುದೇ ಇಲ್ಲ. ಸರ್ಕಾರ ಕೈಕಟ್ಟಿ ಕೂತಿದೆ ಎಂದು ಹೇಳಲಾರೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಯೋಜನೆ 1981ರಿಂದ ಇದೆ. ಬಡ ಹಿರಿಯರಿಗಾಗಿ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಬಂತು. ತಾಲ್ಲೂಕು ಕೇಂದ್ರಗಳಲ್ಲಿ ಶಿಬಿರಗಳಾಗುತ್ತವೆ. ಒಂದು ಶಿಬಿರದಲ್ಲಿ ಪರೀಕ್ಷೆ, ಇನ್ನೊಂದರಲ್ಲಿ ವಿತರಣೆ. ನಡುವೆ ವಾರಗಳಾಗಬಹುದು, ತಿಂಗಳುಗಳೂ ಆಗಬಹುದು. ಬೆಳೆಯುವ ಮಗುವಿನ ಅಳತೆ ಅಷ್ಟರಲ್ಲಿ ಬದಲಾಗಿರುತ್ತದೆ. ವಿತರಣೆಯ ದಿನ ಶಾಮಿಯಾನ, ಹಾರ, ಭಾವಚಿತ್ರ. ಮರುದಿನ ಕುರ್ಚಿ ಪಡಸಾಲೆಯ ಮೂಲೆಗೆ.

ವಿಶ್ವ ಆರೋಗ್ಯ ಸಂಸ್ಥೆ 2008ರ ಮಾರ್ಗಸೂಚಿಯಲ್ಲಿ ಗಾಲಿಕುರ್ಚಿ ಕೊಡುವ ಕೆಲಸಕ್ಕೆ ಎಂಟು ಹಂತಗಳನ್ನು ಹೇಳಿದೆ. ಕುರ್ಚಿಯನ್ನು ಸಿದ್ಧಪಡಿಸುವುದು ಅವುಗಳಲ್ಲಿ ಒಂದು ಹಂತ ಮಾತ್ರ. ಅದಾದ ಮೇಲೆ ಕೂರಿಸಿ ಹೊಂದಿಸುವುದು, ಬಳಸಲು ಕಲಿಸುವುದು, ಆಮೇಲೆ ರಿಪೇರಿ ಮತ್ತು ಮರುಭೇಟಿ. ನಮ್ಮಲ್ಲಿ ಸೊರಗಿರುವುದು ಈ ಕೊನೆಯ ಹಂತಗಳೇ. ದೂರದ ಹಳ್ಳಿಯಿಂದ ಕಾರು ಮಾಡಿಕೊಂಡು, ಇಬ್ಬರ ದಿನಗೂಲಿ ಕಳೆದುಕೊಂಡು, "ಪಾದದ ಹಲಗೆ ಸ್ವಲ್ಪ ಎತ್ತರವಾಯಿತು" ಎಂದು ಹೇಳಲು ಯಾರು ಬರುತ್ತಾರೆ? ವಿಡಿಯೋ ಬೇಡವೇ ಬೇಡ ಎನ್ನುವ ನನ್ನ ವೈದ್ಯ ಮಿತ್ರರು ಇದಕ್ಕೆ ಉತ್ತರ ಹೇಳಬೇಕು. ಮೊದಲ ಪರೀಕ್ಷೆಗಿಂತ ಮರುಭೇಟಿಗೇ ವಿಡಿಯೋ ಹೆಚ್ಚು ಉಪಯುಕ್ತ ಎಂಬುದು ನನ್ನ ನಂಬಿಕೆ.

ಇನ್ನು, "ಏನೂ ಸಿಗದಿರುವುದಕ್ಕಿಂತ ಫೋನಿನಲ್ಲಿ ನೋಡಿ ಕೊಟ್ಟದ್ದಾದರೂ ವಾಸಿಯಲ್ಲವೆ?" ಎನ್ನುವವರಿದ್ದಾರೆ. ಊರುಗೋಲಿನ ಮಟ್ಟಿಗೆ, ಮಂಡಿನೋವಿನವರಿಗೆ ಕೊಡುವ ವಾಕರಿನ ಮಟ್ಟಿಗೆ ಒಪ್ಪುತ್ತೇನೆ. ಸ್ಪರ್ಶಜ್ಞಾನವಿಲ್ಲದವರಿಗೆ ಕೊಡುವ ಗಾಲಿಕುರ್ಚಿಯ ಮಟ್ಟಿಗೆ ಒಪ್ಪಲಾರೆ. ಅಲ್ಲಿ ತಪ್ಪು ಕುರ್ಚಿ ಏನೂ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ವಿ.ಆರ್.ಡಬ್ಲ್ಯು., ಎಂ.ಆರ್.ಡಬ್ಲ್ಯು. ಎಂದರೆ ಹಳ್ಳಿಯವರಿಗೆ ಬೇಗ ತಿಳಿಯುತ್ತದೆ. ಗೌರವಧನದ ಮೇಲೆ ದುಡಿಯುವ ಇವರಲ್ಲಿ ಬಹಳ ಮಂದಿ ಸ್ವತಃ ಅಂಗವಿಕಲರು. ಯಾರ ಮನೆಯಲ್ಲಿ ಯಾರು ಮಂಚ ಹಿಡಿದಿದ್ದಾರೆ ಎಂದು ಇವರಿಗೆ ಗೊತ್ತು. ಪಿಂಚಣಿ ಅರ್ಜಿ, ಗುರುತಿನ ಚೀಟಿ ಎಂದು ಇವರನ್ನು ಕಾಗದ ಪತ್ರದ ಕೆಲಸಕ್ಕೇ ಓಡಾಡಿಸುತ್ತೇವೆ. ಅದರ ಬದಲು ಅಳತೆ ತೆಗೆಯುವುದು, ಬೀಳದಂತೆ ಹಿಡಿದುಕೊಳ್ಳುವುದು, ಚರ್ಮ ನೋಡುವುದನ್ನು ಕಲಿಸಿ, ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿಸ್ಟರ ಜೊತೆ ವಾರಕ್ಕೊಂದು ಮಧ್ಯಾಹ್ನ ವಿಡಿಯೋದಲ್ಲಿ ಕೂರಿಸಿದರೆ ಹೇಗೆ? ಬೆಂಗಳೂರಿನ ಎ.ಪಿ.ಡಿ., ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳಿಗೆ ಇಂಥ ಸಾಧನಗಳ ವಿಷಯದಲ್ಲಿ ಹಲವು ವರ್ಷಗಳ ಅನುಭವವಿದೆ. ತರಬೇತಿಗೆ ಪರದೇಶದಿಂದ ಯಾರೂ ಬರಬೇಕಾಗಿಲ್ಲ. ಈ ಕಾರ್ಯಕರ್ತರ ಗೌರವಧನ ಹೆಚ್ಚಿಸದೆ ಕೆಲಸ ಮಾತ್ರ ಹೆಚ್ಚಿಸುವುದು ಸರಿಯಲ್ಲ ಎಂಬುದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಕರೆ ಮಾಡುವ ಮುನ್ನ

ಸರ್ಕಾರ ಇದನ್ನು ಯಾವಾಗ ಮಾಡುತ್ತದೋ ಕಾಯುತ್ತ ಕೂರಬೇಡಿ. ನಿಮ್ಮ ಮನೆಯಲ್ಲೇ ಇಂಥ ವಿಡಿಯೋ ಪರೀಕ್ಷೆಯ ಸಂದರ್ಭ ಬಂದರೆ, ಹಗಲು ಬೆಳಕಿನಲ್ಲಿ ಇಟ್ಟುಕೊಳ್ಳಿ. ಫೋನು ಹಿಡಿಯಲು ಒಬ್ಬರು, ಹಿರಿಯರ ಬಲವಿಲ್ಲದ ಪಕ್ಕದಲ್ಲಿ ನಿಲ್ಲಲು ಇನ್ನೊಬ್ಬರು ಬೇಕು. ಒಬ್ಬರೇ ಎರಡೂ ಕೆಲಸ ಮಾಡಲು ಹೋಗಬೇಡಿ, ಪರೀಕ್ಷೆಯ ಹೊತ್ತಿನಲ್ಲೇ ಬಿದ್ದಾರು. ಪಂಚೆಯನ್ನೋ ಸೀರೆಯನ್ನೋ ಮಂಡಿ ಮತ್ತು ಪಾದ ಕಾಣುವಷ್ಟು ಮೇಲೆ ಕಟ್ಟಿಸಿ. ದಿನಾ ಹಾಕುವ ಚಪ್ಪಲಿಯೇ ಇರಲಿ. ಫೋನನ್ನು ಸೊಂಟದ ಎತ್ತರದಲ್ಲಿ ಅಡ್ಡಲಾಗಿ ಹಿಡಿದು, ಮುಂದಿನಿಂದಲೂ ಪಕ್ಕದಿಂದಲೂ ನಡಿಗೆಯನ್ನು ತೋರಿಸಿ. ಟೇಪನ್ನು ಫೋನಿಗೆ ಕಾಣುವಂತೆ ಇಟ್ಟು ಅಳೆಯಿರಿ. ಅಂಗುಲದ ಬದಿಯನ್ನು ಸೆಂಟಿಮೀಟರ್ ಎಂದು ಓದಿ ಹೇಳಿದ ಮನೆಗಳುಂಟು. ಮಾತ್ರೆಗಳನ್ನೆಲ್ಲ ಎದುರಿಗಿಟ್ಟುಕೊಳ್ಳಿ, ನಿದ್ದೆಯ ಮಾತ್ರೆ, ರಕ್ತದೊತ್ತಡದ ಮಾತ್ರೆಗಳಿಂದಲೂ ಬೀಳುವವರಿದ್ದಾರೆ. ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಬಿದ್ದರು, ಎಲ್ಲಿ, ಯಾವ ಹೊತ್ತಿನಲ್ಲಿ ಎಂಬುದನ್ನು ಮುಚ್ಚಿಡಬೇಡಿ.

ಮರ್ಯಾದೆಯ ವಿಷಯ ಸಣ್ಣದಲ್ಲ. ನಮ್ಮ ದೊಡ್ಡಪ್ಪ ಗದರಿದ್ದರಲ್ಲಿ ಅರ್ಥವಿದೆ. ಮೈ ತೋರಿಸಬೇಕಾದಲ್ಲಿ ರೋಗಿಯನ್ನೇ ಕೇಳಿ, ಅವರ ಪರವಾಗಿ ನೀವು ಒಪ್ಪಿಗೆ ಕೊಟ್ಟುಬಿಡಬೇಡಿ. ಆಚೆ ತುದಿಯಲ್ಲಿ ಯಾರ್ಯಾರು ಕೂತಿದ್ದಾರೆ, ವಿಡಿಯೋ ಉಳಿಸಿಕೊಳ್ಳುತ್ತಾರೆಯೆ ಎಂದು ಕೇಳುವ ಹಕ್ಕು ನಿಮಗಿದೆ. ಮಧ್ಯದಲ್ಲಿ ಬೇಡವೆನಿಸಿದರೆ ನಿಲ್ಲಿಸಿ ನೇರವಾಗಿಯೇ ಬರುತ್ತೇವೆ ಎನ್ನಬಹುದು. 2020ರ ಮಾರ್ಗಸೂಚಿ ವೈದ್ಯರಿಗೂ ರೋಗಿಗೂ ಈ ಅವಕಾಶ ಕೊಟ್ಟಿದೆ. ಇನ್ನೊಂದು: ವಿಡಿಯೋ ನೋಡಿದವರೇ ಕುರ್ಚಿ ಮಾರುವವರೂ ಆಗಿದ್ದರೆ, ಬೇರೊಬ್ಬರ ಅಭಿಪ್ರಾಯ ಕೇಳದೆ ಹಣ ಕಟ್ಟಬೇಡಿ.

ದೊಡ್ಡಪ್ಪನನ್ನು ಆಮೇಲೆ ಒಂದು ಸಲ ಶಿವಮೊಗ್ಗಕ್ಕೆ ಕರೆದೊಯ್ದು ಕೂರಿಸಿ ನೋಡಿ, ತಗ್ಗಿನ, ಕಿರಿದಾದ ಕುರ್ಚಿಯೊಂದನ್ನು ಕೊಡಿಸಿದೆವು. ಮನೆಯೊಳಗೆ ಅವರು ಅದನ್ನು ಮುಟ್ಟುವುದಿಲ್ಲ, ಕೋಲೇ ಸಾಕು. ಅಂಗಳದಲ್ಲಿ ಅಡಕೆ ಒಣಹಾಕುವ ಕಾಲಕ್ಕೆ ಮಾತ್ರ ಅದರಲ್ಲಿ ಕೂತು, ಬಲಗಾಲಿನಿಂದ ನೆಲವನ್ನು ತಳ್ಳಿಕೊಂಡು ಎಲ್ಲರ ಕೆಲಸಕ್ಕೂ ಮೂಗು ತೂರಿಸುತ್ತಾರಂತೆ. ಮೂರು ತಿಂಗಳ ನಂತರದ ವಿಡಿಯೋ ಕರೆಯಲ್ಲಿ ಆ ಹೆಣ್ಣುಮಗಳು, "ಕೋಲನ್ನು ತಲೆಕೆಳಗು ಮಾಡಿ ತೋರಿಸಿ" ಎಂದಳಂತೆ. ನಾಲ್ಕು ಕಾಲಿನ ರಬ್ಬರ್ ಬುಷ್‌ಗಳಲ್ಲಿ ಎರಡು ಸವೆದು ಒಳಗಿನ ಕೊಳವೆ ಕಾಣುತ್ತಿತ್ತು. ಒದ್ದೆ ಬಚ್ಚಲಿನಲ್ಲಿ ಅಷ್ಟು ಸಾಕು ಜಾರಲು. ಮರುದಿನವೇ ಪೇಟೆಯಿಂದ ಹೊಸ ಬುಷ್ ತಂದು ಹಾಕಿದರು. ಮೊದಲು ತರಿಸಿದ್ದ ಆ ಅಗಲದ ಕುರ್ಚಿ ಇನ್ನೂ ಜಗಲಿಯಲ್ಲೇ ಇದೆ. ಪಕ್ಕದ ಊರಿನವರೊಬ್ಬರು ತಮ್ಮ ತಾಯಿಗೆಂದು ಕೇಳಿದ್ದಾರೆ. ಟೇಪು ತೆಗೆದುಕೊಂಡು ಹೋಗಿ ಅಜ್ಜಿಯ ಸೊಂಟ, ಅವರ ಮನೆಯ ಬಾಗಿಲು ಎರಡನ್ನೂ ಅಳೆಯದೆ ಕೊಡಕೂಡದು ಎಂದು ದೊಡ್ಡಪ್ಪನದೇ ಅಪ್ಪಣೆಯಾಗಿದೆ.